ಕಾಲರಾ ಕುಡಿದ ವಿಜ್ಞಾನಿ: ತಪ್ಪು ಕಾರಣ ಹಿಡಿದು ಊರನ್ನು ಉಳಿಸಿದ ಪೆಟೆನ್‌ಕೋಫರ್

1892ರ ಅಕ್ಟೋಬರ್ 7. ಜರ್ಮನಿಯ ಮ್ಯೂನಿಕ್ ನಗರ. ಎಪ್ಪತ್ಮೂರು ದಾಟಿದ ಪ್ರಾಧ್ಯಾಪಕರೊಬ್ಬರು ಒಂದು ಲೋಟ ನೀರಿಗೆ ಸ್ವಲ್ಪ ಅಡುಗೆ ಸೋಡಾ ಬೆರೆಸಿದರು. ಹೊಟ್ಟೆಯ ಆಮ್ಲ ತಮ್ಮನ್ನು ಕಾಪಾಡಿಬಿಡಬಾರದು ಎಂಬುದು ಉದ್ದೇಶ. ಆಮೇಲೆ ಅದಕ್ಕೆ ಪ್ರಯೋಗಾಲಯದಲ್ಲಿ ಬೆಳೆಸಿದ್ದ ಕಾಲರಾ ರೋಗಾಣುಗಳ ದ್ರಾವಣ ಸೇರಿಸಿ ಕುಡಿದುಬಿಟ್ಟರು. ಕೆಲವು ದಿನ ಹೊಟ್ಟೆ ಕೆಟ್ಟಿತು, ಭೇದಿಯಾಯಿತು. ಆದರೆ ಅವರು ಸಾಯಲಿಲ್ಲ. ಹಾಸಿಗೆ ಹಿಡಿಯಲೂ ಇಲ್ಲ.

ಆ ಪ್ರಾಧ್ಯಾಪಕರ ಹೆಸರು ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್. ಸಂವಹನ ಓದುವಾಗ ನಾನು ಈ ಪ್ರಸಂಗವನ್ನು ಮೊದಲು ಕೇಳಿದ್ದು ಒಂದು ತಮಾಷೆಯ ಕಥೆಯಾಗಿ. ಈಗ ಇದೇ ಕಥೆ ಬೇರೆ ವೇಷದಲ್ಲಿ ಮೊಬೈಲುಗಳಲ್ಲಿ ಸುತ್ತುತ್ತಿರುತ್ತದೆ. ರೋಗಾಣುಗಳಿಂದ ರೋಗ ಬರುವುದೇ ಸುಳ್ಳು, ನೋಡಿ, ಒಬ್ಬ ದೊಡ್ಡ ವಿಜ್ಞಾನಿಯೇ ಅವನ್ನು ಕುಡಿದು ತೋರಿಸಿದ್ದಾನೆ ಎಂಬ ಧಾಟಿಯಲ್ಲಿ.

ಹಾಗಾದರೆ ಆ ಲೋಟ ಏನನ್ನು ಸಾಬೀತು ಮಾಡಿತು? ಉತ್ತರ ಸಿಗಬೇಕಾದರೆ ಲೋಟವನ್ನು ಪಕ್ಕಕ್ಕಿಟ್ಟು ಇಡೀ ಬದುಕನ್ನು ನೋಡಬೇಕು. ಏಕೆಂದರೆ ಇದೇ ಮನುಷ್ಯ ಸುಮಾರು ನಲವತ್ತು ವರ್ಷ ಮಣ್ಣು ಮತ್ತು ಅಂತರ್ಜಲದ ಬೆನ್ನು ಹತ್ತಿದವರು. ಮಲಿನ ನೆಲಕ್ಕೂ ಮನುಷ್ಯನ ಆರೋಗ್ಯಕ್ಕೂ ಇರುವ ನಂಟನ್ನು ಅಳೆದು ನೋಡಲು ಹೊರಟ ಮೊದಲಿಗರಲ್ಲಿ ಒಬ್ಬರು.

ಔಷಧಿ ಅಂಗಡಿಯಿಂದ ನಾಟಕದ ರಂಗಕ್ಕೆ, ಅಲ್ಲಿಂದ ಮರಳಿ

ಪೆಟೆನ್‌ಕೋಫರ್ ಹುಟ್ಟಿದ್ದು 1818ರ ಡಿಸೆಂಬರ್ 3ರಂದು, ಬವೇರಿಯಾದ ಲಿಖ್ಟನ್‌ಹೈಮ್ ಎಂಬ ಸಣ್ಣ ಊರಿನಲ್ಲಿ. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಮ್ಯೂನಿಕ್‌ನಲ್ಲಿ ಅರಮನೆಯ ಔಷಧ ತಯಾರಕರಾಗಿದ್ದ ಚಿಕ್ಕಪ್ಪ ಹುಡುಗನನ್ನು ಕರೆಸಿಕೊಂಡು ಓದಿಸಿದರು. ಮುಂದೆ ತಮ್ಮ ಕೆಲಸವನ್ನು ಇವನೇ ನೋಡಿಕೊಳ್ಳಲಿ ಎಂಬುದು ಅವರ ಆಸೆ. ಆದರೆ ಹುಡುಗ ಒಂದು ದಿನ ಮನೆಬಿಟ್ಟು ಹೋಗಿ ಔಗ್ಸ್‌ಬರ್ಗ್ ಪಟ್ಟಣದಲ್ಲಿ ನಾಟಕದವರ ಜೊತೆ ಸೇರಿಕೊಂಡ. ಮತ್ತೆ ಓದಿಗೆ ಮರಳಿದ್ದು ಚಿಕ್ಕಪ್ಪನ ಮಗಳು ಹೆಲೀನಾಳ ಮೇಲಿನ ಪ್ರೀತಿಗಾಗಿ. ಮುಂದೆ ಅವಳನ್ನೇ ಮದುವೆಯಾದ.

1843ರಲ್ಲಿ ವೈದ್ಯ ಪದವಿ ಮುಗಿಯಿತು. ಆದರೆ ರೋಗಿಗಳನ್ನು ನೋಡುವುದಕ್ಕಿಂತ ರಸಾಯನಶಾಸ್ತ್ರ ಹೆಚ್ಚು ಹಿಡಿಸಿತ್ತು. ಗೀಸನ್‌ನಲ್ಲಿ ಆ ಕಾಲದ ಹೆಸರಾಂತ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫಾನ್ ಲೀಬಿಗ್ ಅವರ ಪ್ರಯೋಗಾಲಯದಲ್ಲಿ ಕೆಲಸ ಕಲಿತರು. ಪಿತ್ತದ ಆಮ್ಲಗಳನ್ನು ಪತ್ತೆಹಚ್ಚುವ ಒಂದು ಪರೀಕ್ಷೆಗೆ ಇಂದಿಗೂ ಅವರ ಹೆಸರೇ ಇದೆ. ಆಮೇಲೆ ಮ್ಯೂನಿಕ್‌ನ ಟಂಕಸಾಲೆಯಲ್ಲಿ ಹಳೆಯ ಬೆಳ್ಳಿ ನಾಣ್ಯಗಳಿಂದ ಚಿನ್ನ ಮತ್ತು ಪ್ಲಾಟಿನಂ ಬೇರ್ಪಡಿಸುವ ಕೆಲಸ. 1847ರಲ್ಲಿ ಪ್ರಾಧ್ಯಾಪಕ ಹುದ್ದೆ. 1850ರಲ್ಲಿ ಮೂಲವಸ್ತುಗಳ ತೂಕಗಳ ನಡುವೆ ಒಂದು ಕ್ರಮ ಇದೆ ಎಂದು ತೋರಿಸಿದರು. ಮೆಂಡಲೀವ್ ಆವರ್ತ ಕೋಷ್ಟಕ ರೂಪಿಸಿದ್ದು ಇದಾದ ಸುಮಾರು ಎರಡು ದಶಕಗಳ ನಂತರ.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಪೆಟೆನ್‌ಕೋಫರ್ ಮೂಲತಃ ಅಳೆಯುವ ಮನುಷ್ಯ. ಯಾವುದೇ ಪ್ರಶ್ನೆ ಬಂದರೂ ಅವರು ಮೊದಲು ಯೋಚಿಸುತ್ತಿದ್ದುದು ಇದನ್ನು ಅಳೆಯುವುದು ಹೇಗೆ ಎಂದು. ಮುಂದೆ ಅವರ ದೊಡ್ಡ ಸಾಧನೆಗೂ ದೊಡ್ಡ ತಪ್ಪಿಗೂ ಇದೇ ಗುಣ ದಾರಿಯಾಯಿತು.

1854: ಮ್ಯೂನಿಕ್‌ಗೆ ಕಾಲರಾ ಬಂದಾಗ

1854ರ ಬೇಸಿಗೆಯಲ್ಲಿ ಮ್ಯೂನಿಕ್‌ನಲ್ಲಿ ದೊಡ್ಡ ಕೈಗಾರಿಕಾ ವಸ್ತುಪ್ರದರ್ಶನ ನಡೆಯಿತು. ಅದಕ್ಕಾಗಿಯೇ ಕಟ್ಟಿದ್ದ ಗಾಜಿನ ಅರಮನೆ, ದೂರದೂರದಿಂದ ಬಂದ ಜನ. ಅದೇ ಹೊತ್ತಿಗೆ ಕಾಲರಾ ಕಾಣಿಸಿಕೊಂಡಿತು. ನಮ್ಮ ಅಜ್ಜಿಯರು ವಾಂತಿಭೇದಿ ಎಂದು ಕರೆದು ನಡುಗುತ್ತಿದ್ದ ಅದೇ ಕಾಯಿಲೆ. ನಗರದಲ್ಲಿ ಸುಮಾರು ಮೂರು ಸಾವಿರ ಜನ ಸತ್ತರು. ಹಿಂದಿನ ದೊರೆ ಲುಡ್ವಿಗ್ ಅವರ ಪತ್ನಿ ತೆರೇಸ್ ಕೂಡ ಸತ್ತವರಲ್ಲಿ ಒಬ್ಬರು. ಪೆಟೆನ್‌ಕೋಫರ್ ಅವರಿಗೂ ಆ ವರ್ಷ ಕಾಲರಾ ತಗುಲಿ ವಾಸಿಯಾಯಿತು. ಈ ಸಂಗತಿಯನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಕಾಲರಾ ಹೇಗೆ ಹರಡಿತು ಎಂದು ಪರಿಶೀಲಿಸಲು ಸರ್ಕಾರ ನೇಮಿಸಿದವರಲ್ಲಿ ಪೆಟೆನ್‌ಕೋಫರ್ ಕೂಡ ಇದ್ದರು. ಅವರು ಬೀದಿ ಬೀದಿಯ, ಮನೆ ಮನೆಯ ಸಾವುಗಳ ಲೆಕ್ಕ ಹಿಡಿದು ಕುಳಿತರು. ಅದೇ ವರ್ಷ ಲಂಡನ್‌ನಲ್ಲಿ ಜಾನ್ ಸ್ನೋ ಎಂಬ ವೈದ್ಯರೂ ಇಂಥದೇ ಕೆಲಸ ಮಾಡುತ್ತಿದ್ದರು. ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಒಂದು ಕೈಪಂಪಿನ ಸುತ್ತ ಸಾವುಗಳು ಗುಂಪುಗೂಡಿರುವುದನ್ನು ಗುರುತಿಸಿ, ರೋಗ ಹರಡುವುದು ಕುಡಿಯುವ ನೀರಿನಿಂದ ಎಂದು ಅವರು ತೀರ್ಮಾನಿಸಿದರು.

ಪೆಟೆನ್‌ಕೋಫರ್ ಸ್ನೋ ವಾದವನ್ನು ಓದಿದ್ದರು, ಪರಿಶೀಲಿಸಿದ್ದರು. ಆದರೆ ಮ್ಯೂನಿಕ್‌ನ ಲೆಕ್ಕದಲ್ಲಿ ನೀರಿನ ಮೂಲಕ್ಕೂ ಸಾವಿಗೂ ಅಂಥ ನೇರ ಹೊಂದಾಣಿಕೆ ಅವರಿಗೆ ಕಾಣಲಿಲ್ಲ. ಕಂಡದ್ದು ಬೇರೆ: ತಗ್ಗಿನ, ತೇವದ, ಸಡಿಲ ಮಣ್ಣಿನ ಜಾಗಗಳಲ್ಲಿ ಹೆಚ್ಚು ಸಾವು. ಗಟ್ಟಿ ಬಂಡೆಯ ಮೇಲಿರುವ ಊರುಗಳಲ್ಲಿ ಕಡಿಮೆ. ಫ್ರಾನ್ಸಿನ ಲಿಯೋನ್ ನಗರ ಕಾಲರಾದಿಂದ ಪದೇ ಪದೇ ಪಾರಾಗಿತ್ತು. ಅದರ ನೆಲ ಗ್ರಾನೈಟ್ ಆಗಿರುವುದೇ ಕಾರಣ ಎಂದು ಅವರಿಗೆ ಅನ್ನಿಸಿತು.

ನೆಲದ ಕೆಳಗಿನ ನೀರಿಗೆ ಅಳತೆಗೋಲು

ಅಲ್ಲಿಂದ ಮುಂದೆ ಅವರ ಗಮನವೆಲ್ಲ ನೆಲದ ಕೆಳಗೆ. ಮ್ಯೂನಿಕ್ ನಿಂತಿರುವುದು ಈಸಾರ್ ನದಿ ತಂದು ಹಾಸಿದ ಜಲ್ಲಿಗಲ್ಲಿನ ದಪ್ಪ ಪದರದ ಮೇಲೆ. ಜಲ್ಲಿಯ ಸಂದುಗಳಲ್ಲಿ ನೀರು ಸುಲಭವಾಗಿ ಇಳಿಯುತ್ತದೆ, ಹರಿಯುತ್ತದೆ. ಆಗಿನ ಮನೆಗಳ ಹಿತ್ತಲಲ್ಲಿ ಒಂದು ಬಾವಿ, ಅದರ ಹತ್ತಿರದಲ್ಲೇ ಮಲದ ಗುಂಡಿ. ಗುಂಡಿಯ ಕೊಳೆ ಎಲ್ಲಿಗೆ ಹೋಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ.

1856ರಿಂದ ಮ್ಯೂನಿಕ್‌ನ ಬಾವಿಗಳ ನೀರಿನ ಮಟ್ಟವನ್ನು ಕ್ರಮವಾಗಿ ಅಳೆದು ಬರೆದಿಡುವ ವ್ಯವಸ್ಥೆ ಮಾಡಿದರು. ಇಂದು ಅಂತರ್ಜಲ ಮಟ್ಟದ ವರದಿ ಪತ್ರಿಕೆಯಲ್ಲಿ ಬಂದರೆ ನಾವು ಸುಮ್ಮನೆ ಪುಟ ತಿರುಗಿಸುತ್ತೇವೆ. ಆಗ ಒಂದು ನಗರದ ಆರೋಗ್ಯವನ್ನು ತಿಳಿಯಲು ಅದರ ಬಾವಿಗಳಿಗೆ ಅಳತೆಗೋಲು ಇಳಿಸುವುದು ಹೊಸ ಆಲೋಚನೆ.

ಕೆಲವು ವರ್ಷಗಳ ಅಂಕಿಗಳು ಸೇರಿದ ಮೇಲೆ ಒಂದು ಕುತೂಹಲದ ಚಿತ್ರ ಹೊರಬಂತು. 1865ರಲ್ಲಿ ಅವರ ಸಹೋದ್ಯೋಗಿ ಲುಡ್ವಿಗ್ ಬೂಲ್ ಟೈಫಾಯ್ಡ್ ಸಾವುಗಳನ್ನು ಬಾವಿಯ ಮಟ್ಟದ ಪಕ್ಕದಲ್ಲಿಟ್ಟು ನೋಡಿದರು. ಅಂತರ್ಜಲ ಇಳಿದಾಗ ಸಾವು ಏರುತ್ತಿತ್ತು, ಅಂತರ್ಜಲ ಏರಿದಾಗ ಸಾವು ಇಳಿಯುತ್ತಿತ್ತು. ಗಣಿತಜ್ಞರು ಪರೀಕ್ಷಿಸಿದಾಗಲೂ ಇದು ಬರೀ ಆಕಸ್ಮಿಕ ಅಲ್ಲ ಎಂದೇ ಕಂಡಿತು.

ಪೆಟೆನ್‌ಕೋಫರ್ ಸಿದ್ಧಾಂತ ಈ ನೆಲೆಯ ಮೇಲೆ ನಿಂತಿತು. ಅದನ್ನು ಮೂರು ಅಕ್ಷರಗಳಲ್ಲಿ ಹೇಳುತ್ತಿದ್ದರು. ಎಕ್ಸ್ ಎಂಬುದು ರೋಗಿಯ ಜೊತೆ ಪ್ರಯಾಣಿಸಿ ಬರುವ ಬೀಜ. ವೈ ಎಂಬುದು ಸ್ಥಳೀಯ ಮಣ್ಣಿನಲ್ಲಿರುವ ಅನುಕೂಲ ಸ್ಥಿತಿ: ಸಡಿಲ ಮಣ್ಣು, ಕೊಳೆತ ಮಲಿನ, ಅಂತರ್ಜಲ ಇಳಿದ ಮೇಲೆ ಉಳಿಯುವ ತೇವ. ಇವೆರಡೂ ಮಣ್ಣಿನಲ್ಲಿ ಕೂಡಿದಾಗ ಮಾತ್ರ ಝಡ್, ಅಂದರೆ ನಿಜವಾದ ಕಾಲರಾ ವಿಷ ಹುಟ್ಟುತ್ತದೆ, ಅದು ನೆಲದಿಂದ ಗಾಳಿಯ ಜೊತೆ ಮೇಲೆದ್ದು ಜನರನ್ನು ಮುಟ್ಟುತ್ತದೆ ಎಂಬುದು ವಾದ. ಬಿತ್ತನೆ ಬೀಜ ಎಷ್ಟೇ ಒಳ್ಳೆಯದಿರಲಿ, ಹದವಾದ ನೆಲ ಇಲ್ಲದಿದ್ದರೆ ಬೆಳೆ ಬರುವುದಿಲ್ಲವಲ್ಲ, ಹಾಗೆ.

ಗಮನಿಸಿ, ಇಲ್ಲಿ ರೋಗಾಣುವನ್ನು ಅಲ್ಲಗಳೆದಿಲ್ಲ. ಅದೊಂದೇ ಸಾಲದು ಎಂದರು, ಅಷ್ಟೆ. ಮೊಬೈಲಿನಲ್ಲಿ ಸುತ್ತುವ ಕಥೆ ಮೊದಲು ತಪ್ಪುವುದು ಇಲ್ಲಿಯೇ.

ಮಣ್ಣಿಗೂ ಉಸಿರಿದೆ

ವಿಷ ನೆಲದಿಂದ ಗಾಳಿಯ ಜೊತೆ ಏಳುತ್ತದೆ ಎಂದಾದರೆ ಮಣ್ಣಿನೊಳಗೆ ಗಾಳಿ ಇರಬೇಕಲ್ಲ? ಅದನ್ನೂ ಅಳೆಯಲು ಹೊರಟರು. ನೆಲದೊಳಗೆ ಬೇರೆ ಬೇರೆ ಆಳಕ್ಕೆ ಕೊಳವೆ ಇಳಿಸಿ, ಅಲ್ಲಿನ ಗಾಳಿಯನ್ನು ಹೊರಗೆಳೆದು, ಅದರಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ನೋಡಿದರು. 1871ರಲ್ಲಿ ಪ್ರಕಟವಾದ ಈ ಅಳತೆಗಳು ಮಣ್ಣಿನ ಗಾಳಿಯ ಅಧ್ಯಯನದಲ್ಲಿ ಮೊದಮೊದಲಿನವು. ಆಳಕ್ಕೆ ಹೋದಂತೆ ಪ್ರಮಾಣ ಬದಲಾಗುತ್ತದೆ, ಋತು ಬದಲಾದಂತೆಯೂ ಬದಲಾಗುತ್ತದೆ ಎಂಬುದು ಕಂಡಿತು. ಮಣ್ಣಿನಲ್ಲಿ ಬೇರುಗಳು ಮತ್ತು ಸೂಕ್ಷ್ಮಜೀವಿಗಳು ಉಸಿರಾಡುತ್ತವೆ, ಬಿಸಿಲು ಏರಿದಾಗ ಈ ಚಟುವಟಿಕೆ ಹೆಚ್ಚುತ್ತದೆ ಎಂದು ಇಂದು ನಮಗೆ ಗೊತ್ತು.

ನೆಲದ ಗಾಳಿ ಮನೆಯೊಳಗೆ ಬರುತ್ತದೆ ಎಂಬುದಕ್ಕೆ ಅವರು ಕೊಡುತ್ತಿದ್ದ ಉದಾಹರಣೆ ಮೈ ನಡುಗಿಸುವಂಥದ್ದು. ಬೀದಿಯಲ್ಲಿ ಹೂತಿದ್ದ ಗ್ಯಾಸ್ ಕೊಳವೆ ಬಿರುಕು ಬಿಟ್ಟಾಗ, ಗ್ಯಾಸ್ ಸಂಪರ್ಕವೇ ಇಲ್ಲದ ಮನೆಗಳಲ್ಲಿ ಜನ ವಿಷಗಾಳಿ ಕುಡಿದು ಬೀಳುತ್ತಿದ್ದರು. ಗ್ಯಾಸ್ ಮಣ್ಣಿನ ಮೂಲಕ ನುಸುಳಿ, ಮನೆಯ ತಳದಿಂದ ಒಳಗೆ ಬಂದಿರುತ್ತಿತ್ತು. ಚಳಿಗಾಲದಲ್ಲಿ ಒಲೆ ಉರಿಸಿ ಬೆಚ್ಚಗಿಟ್ಟ ಮನೆ ನೆಲದ ಗಾಳಿಯನ್ನು ಹೀರಿಕೊಳ್ಳುವುದು ಇನ್ನೂ ಹೆಚ್ಚು. ಇಂದು ರೇಡಾನ್ ಎಂಬ ವಿಕಿರಣ ಅನಿಲ ಮನೆಗಳೊಳಗೆ ಸೇರುವುದೂ, ಪೆಟ್ರೋಲ್ ಸೋರಿದ ಜಾಗಗಳಲ್ಲಿ ಆವಿ ಕಟ್ಟಡದೊಳಗೆ ನುಗ್ಗುವುದೂ ಇದೇ ದಾರಿಯಲ್ಲಿ. ಮಣ್ಣಿನ ಮಾಲಿನ್ಯ ಅಳೆಯುವವರಿಗೆ ಇದು ಇಂದಿಗೂ ದಿನನಿತ್ಯದ ಕೆಲಸ.

ಎಲ್ಲವೂ ಸರಿಯಾಗಿರಲಿಲ್ಲ. ಇಟ್ಟಿಗೆ ಗೋಡೆಯ ಮೂಲಕ ಗಾಳಿ ಊದಿ ಮೇಣದ ಬತ್ತಿ ಆರಿಸಿ ತೋರಿಸುತ್ತಿದ್ದ ಅವರು, ಮನೆಯ ಗೋಡೆಗಳು ಉಸಿರಾಡುತ್ತವೆ ಎಂದು ನಂಬಿದ್ದರು. ಸಾಮಾನ್ಯ ಮನೆಯಲ್ಲಿ ಗೋಡೆಯ ಮೂಲಕ ಹಾಯುವ ಗಾಳಿ ಲೆಕ್ಕಕ್ಕೇ ಬಾರದಷ್ಟು ಕಡಿಮೆ, ಬಾಗಿಲು ಕಿಟಕಿಯ ಸಂದುಗಳೇ ನಿಜವಾದ ದಾರಿ ಎಂದು ನಂತರದ ಪ್ರಯೋಗಗಳು ತೋರಿಸಿದವು. ಆದರೂ ಗೋಡೆ ಉಸಿರಾಡುವ ಮಾತು ಇಂದಿಗೂ ಬಣ್ಣದ ಜಾಹೀರಾತುಗಳಲ್ಲಿ ಉಳಿದಿದೆ. ಹಾಗೆಯೇ, ಕೋಣೆಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ. 0.1 ದಾಟಬಾರದು ಎಂದು 1858ರಲ್ಲಿ ಅವರು ಹೇಳಿದ ಮಿತಿಯನ್ನು ಕಟ್ಟಡಗಳ ಗಾಳಿ ಪರೀಕ್ಷಿಸುವವರು ಈಗಲೂ ಬಳಸುತ್ತಾರೆ. ಆ ಪ್ರಮಾಣದ ಅನಿಲವೇ ವಿಷ ಎಂದಲ್ಲ. ಕೋಣೆಯಲ್ಲಿ ಎಷ್ಟು ಜನರ ಉಸಿರು ಸೇರಿ ಗಾಳಿ ಹಳಸಿದೆ ಎಂಬುದಕ್ಕೆ ಅದೊಂದು ಗುರುತು.

ಕಲ್ಕತ್ತದ ಮಣ್ಣಿನವರೆಗೆ

ಈ ಸಿದ್ಧಾಂತಕ್ಕೆ ಭಾರತದ ನಂಟೂ ಇದೆ. ಟಿಮತಿ ಲೂಯಿಸ್ ಮತ್ತು ಡೇವಿಡ್ ಕನ್ನಿಂಗ್‌ಹ್ಯಾಮ್ ಎಂಬ ಇಬ್ಬರು ಯುವ ವೈದ್ಯರನ್ನು ಬ್ರಿಟಿಷ್ ಸರ್ಕಾರ ಕಾಲರಾ ಸಂಶೋಧನೆಗೆ ಆರಿಸಿ, ಮೊದಲು ಜರ್ಮನಿಗೆ ಕಳಿಸಿತು. ಪೆಟೆನ್‌ಕೋಫರ್ ಅವರಿಂದಲೂ ಪಾಠ ಹೇಳಿಸಿಕೊಂಡು 1869ರಲ್ಲಿ ಕಲ್ಕತ್ತಕ್ಕೆ ಬಂದ ಅವರು, ಅಲ್ಲಿನ ಅಂತರ್ಜಲದ ಮಟ್ಟ, ಮಣ್ಣಿನ ತೇವ, ಮಣ್ಣಿನ ಗಾಳಿ ಎಲ್ಲವನ್ನೂ ವರ್ಷಗಟ್ಟಲೆ ಅಳೆದರು.

ಆಳುವವರಿಗೆ ಈ ಸಿದ್ಧಾಂತ ಹಿಡಿಸಲು ಇನ್ನೊಂದು ಕಾರಣವೂ ಇತ್ತು. ರೋಗದ ಮೂಲ ಆಯಾ ಊರಿನ ಮಣ್ಣು ಎಂದಾದರೆ ಹಡಗುಗಳನ್ನು ತಡೆದು ನಿಲ್ಲಿಸುವ, ಪ್ರಯಾಣಿಕರನ್ನು ಪ್ರತ್ಯೇಕ ಇಡುವ ಅಗತ್ಯ ಇರುವುದಿಲ್ಲ. ವ್ಯಾಪಾರ ನಿಲ್ಲುವುದಿಲ್ಲ. ಪೆಟೆನ್‌ಕೋಫರ್ ಕೂಡ ಅಂಥ ತಡೆಗಳನ್ನು ವಿರೋಧಿಸುತ್ತಿದ್ದರು. ಒಂದು ವಿಜ್ಞಾನದ ವಾದ ಯಾರಿಗೆ ಅನುಕೂಲ ಎಂಬುದು ಅದು ಸರಿಯೋ ತಪ್ಪೋ ಎಂಬುದನ್ನು ನಿರ್ಧರಿಸುವುದಿಲ್ಲ. ಆದರೆ ಅದು ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಎಷ್ಟೋ ಸಲ ನಿರ್ಧರಿಸುತ್ತದೆ.

ಆರೋಗ್ಯಕ್ಕೆ ಬೆಲೆ ಕಟ್ಟಿದ ಲೆಕ್ಕ

1865ರಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯ ಅವರನ್ನು ನೈರ್ಮಲ್ಯಶಾಸ್ತ್ರದ ಪ್ರಾಧ್ಯಾಪಕರನ್ನಾಗಿ ಮಾಡಿತು. ಅದೊಂದು ಸ್ವತಂತ್ರ ವಿಷಯ ಎಂಬ ಮನ್ನಣೆ ಸಿಕ್ಕಿದ್ದು ಆಗಲೇ. 1879ರಲ್ಲಿ ಅವರಿಗಾಗಿ ಪ್ರತ್ಯೇಕ ಸಂಸ್ಥೆಯೇ ತೆರೆಯಿತು.

1873ರಲ್ಲಿ ನಗರದ ಜನರ ಮುಂದೆ ಅವರು ಮಾಡಿದ ಉಪನ್ಯಾಸಗಳು ಇಂದಿನ ಸಾರ್ವಜನಿಕ ಆರೋಗ್ಯ ಸಂವಹನಕ್ಕೂ ಪಾಠ ಆಗಬಲ್ಲವು. ಅವರ ಲೆಕ್ಕ ಹೀಗಿತ್ತು. ಮ್ಯೂನಿಕ್‌ನ ಜನಸಂಖ್ಯೆ 1,70,000. ವರ್ಷಕ್ಕೆ ಸಾವಿರಕ್ಕೆ 33 ಜನ ಸಾಯುತ್ತಾರೆ. ಲಂಡನ್‌ನಲ್ಲಿ ಸಾವಿರಕ್ಕೆ 22. ನಾವೂ ಲಂಡನ್‌ನ ಮಟ್ಟಕ್ಕೆ ಬಂದರೆ ವರ್ಷಕ್ಕೆ 1,870 ಜೀವ ಉಳಿಯುತ್ತವೆ. ಒಂದು ಸಾವಿನ ಹಿಂದೆ ಸರಾಸರಿ 34 ಜನ ಕಾಯಿಲೆ ಬಿದ್ದಿರುತ್ತಾರೆ, ಅಂದರೆ 63,580 ಕಾಯಿಲೆಗಳು ತಪ್ಪುತ್ತವೆ. ಪ್ರತಿ ಕಾಯಿಲೆಗೆ 20 ದಿನ ಹಿಡಿದರೆ 12,71,600 ದಿನಗಳು. ಆ ದಿನಗಳ ಕೂಲಿ ಮತ್ತು ಚಿಕಿತ್ಸೆಯ ಖರ್ಚನ್ನು ಕೂಡಿಸಿ ನೋಡಿ, ಚರಂಡಿಗೆ ಹಾಕುವ ಹಣ ಅದರ ಮುಂದೆ ಎಷ್ಟರದು?

ಕರುಣೆಗೆ ಕರಗದ ನಗರಸಭೆ ಲೆಕ್ಕಕ್ಕೆ ಕರಗಿತು. ಅದೇ ವರ್ಷ ಮತ್ತೆ ಬಂದ ಕಾಲರಾ ಅವರ ಮಾತಿಗೆ ಇನ್ನಷ್ಟು ತೂಕ ಕೊಟ್ಟಿತು. ನಗರದ ಒಳಗೆ ಅಲ್ಲಲ್ಲಿ ಚದುರಿದ್ದ ಕಸಾಯಿಖಾನೆಗಳ ಬದಲು 1878ರಲ್ಲಿ ಒಂದೇ ಕೇಂದ್ರ ಕಸಾಯಿಖಾನೆ ಬಂತು. ಸೋರುವ ಗುಂಡಿಗಳ ಜಾಗದಲ್ಲಿ ಒಳಚರಂಡಿ ಬಂತು. 1883ರಿಂದ ಆಲ್ಪ್ಸ್ ಬೆಟ್ಟಗಳ ತಪ್ಪಲಿನ ಮಾಂಗ್‌ಫಾಲ್ ಕಣಿವೆಯ ಬುಗ್ಗೆ ನೀರು ಕೊಳವೆಯಲ್ಲಿ ಹರಿದು ಮನೆಮನೆಗೆ ಬಂತು. ಒಂದು ಕಾಲಕ್ಕೆ ಟೈಫಾಯ್ಡ್‌ಗೆ ಕುಖ್ಯಾತವಾಗಿದ್ದ ಮ್ಯೂನಿಕ್, ಆ ಶತಮಾನ ಮುಗಿಯುವ ಹೊತ್ತಿಗೆ ಯುರೋಪಿನ ಆರೋಗ್ಯವಂತ ನಗರಗಳ ಸಾಲಿಗೆ ಸೇರಿತ್ತು.

ವಿಚಿತ್ರ ನೋಡಿ. ಪೆಟೆನ್‌ಕೋಫರ್ ಚರಂಡಿ ಬೇಕೆಂದದ್ದು ಮಣ್ಣು ಚೊಕ್ಕವಾಗಲಿ ಎಂದು. ಒಳ್ಳೆಯ ನೀರು ಬೇಕೆಂದದ್ದು ಒಟ್ಟಾರೆ ಸ್ವಚ್ಛತೆಗಾಗಿ. ಕುಡಿಯುವ ನೀರೇ ಕಾಲರಾ ತರುತ್ತದೆ ಎಂದು ಅವರು ಒಪ್ಪಲೇ ಇಲ್ಲ. ಕಾರಣ ತಪ್ಪಿದ್ದರೂ ಕೆಲಸ ಸರಿಯಾಯಿತು.

ಹ್ಯಾಂಬರ್ಗ್: ತಪ್ಪು ಕಾರಣದ ಬೆಲೆ

ತಪ್ಪು ಕಾರಣದಿಂದ ಪ್ರತಿಸಲವೂ ಸರಿಯಾದ ಕೆಲಸ ಆಗುತ್ತದೆ ಎಂದೇನಿಲ್ಲ. 1883-84ರಲ್ಲಿ ರಾಬರ್ಟ್ ಕಾಖ್ ಈಜಿಪ್ಟ್‌ಗೆ, ಅಲ್ಲಿಂದ ಕಲ್ಕತ್ತಕ್ಕೆ ಬಂದು, ಕಾಲರಾ ರೋಗಿಗಳ ಕರುಳಿನಲ್ಲಿ ಅಲ್ಪವಿರಾಮದ ಆಕಾರದ ಬ್ಯಾಕ್ಟೀರಿಯಾ ಇರುವುದನ್ನು ತೋರಿಸಿದರು. ಜನ ಬಳಸುತ್ತಿದ್ದ ಕೆರೆಯ ನೀರಿನಲ್ಲೂ ಅದನ್ನು ಕಂಡರು. ಇಟಲಿಯ ಫಿಲಿಪ್ಪೊ ಪಾಚೀನಿ 1854ರಲ್ಲೇ ಇದನ್ನು ನೋಡಿದ್ದರೂ ಜಗತ್ತು ಗಮನಿಸಿರಲಿಲ್ಲ. ಪೆಟೆನ್‌ಕೋಫರ್ ಉತ್ತರ ಒಂದೇ: ಸರಿ, ಎಕ್ಸ್ ಸಿಕ್ಕಿತು, ಮಣ್ಣಿನ ವೈ ಎಲ್ಲಿ?

1892ರ ಆಗಸ್ಟ್‌ನಲ್ಲಿ ಹ್ಯಾಂಬರ್ಗ್ ಉತ್ತರ ಕೊಟ್ಟಿತು. ಆ ನಗರ ಎಲ್ಬೆ ನದಿಯ ನೀರನ್ನು ಸೋಸದೆ ಕೊಳವೆಗೆ ಬಿಡುತ್ತಿತ್ತು. ಮರಳಿನ ಶೋಧಕ ಕಟ್ಟುವ ಕೆಲಸ ವರ್ಷಗಳಿಂದ ಎಳೆದು ಇನ್ನೂ ಮುಗಿದಿರಲಿಲ್ಲ. ನೀರಿನಿಂದ ಕಾಲರಾ ಬರುವುದಿಲ್ಲ ಎಂಬ ಮ್ಯೂನಿಕ್‌ನ ವಾದವನ್ನು ಹ್ಯಾಂಬರ್ಗ್‌ನ ಅನೇಕ ವೈದ್ಯರು ನಂಬಿದ್ದರು. ಕೆಲವೇ ವಾರಗಳಲ್ಲಿ ಸುಮಾರು 8,600 ಜನ ಸತ್ತರು.

ಪಕ್ಕದಲ್ಲೇ, ಬೀದಿಗೆ ಬೀದಿ ಅಂಟಿಕೊಂಡಂತೆ ಆಲ್ಟೋನಾ ಎಂಬ ಪಟ್ಟಣ. ಅದೂ ಎಲ್ಬೆ ನೀರನ್ನೇ ಬಳಸುತ್ತಿತ್ತು, ಅದೂ ಹ್ಯಾಂಬರ್ಗ್‌ನ ಚರಂಡಿ ಬಂದು ಸೇರಿದ ಮೇಲಿನ ಕೊಳಕು ನೀರನ್ನು. ಆದರೆ ಮರಳಿನಲ್ಲಿ ಸೋಸಿ ಕೊಡುತ್ತಿತ್ತು. ಅಲ್ಲಿ ಸಾವು ತೀರಾ ಕಡಿಮೆ. ಎರಡೂ ಊರಿನ ಮಣ್ಣು ಒಂದೇ, ಗಾಳಿ ಒಂದೇ, ಅಂತರ್ಜಲ ಒಂದೇ. ಬೇರೆಯಾಗಿದ್ದದ್ದು ಸೋಸಿದ ನೀರು ಒಂದೇ. ಯಾರೂ ಯೋಜಿಸದೆ ನಡೆದುಹೋದ ಇಷ್ಟು ಸ್ಪಷ್ಟ ಪ್ರಯೋಗ ವಿಜ್ಞಾನದ ಚರಿತ್ರೆಯಲ್ಲಿ ಅಪರೂಪ.

ಅದಾದ ಕೆಲವೇ ವಾರಗಳಿಗೆ ಪೆಟೆನ್‌ಕೋಫರ್ ಆ ಲೋಟ ಎತ್ತಿದರು.

ಹಾಗಾದರೆ ಅವರು ಸಾಯಲಿಲ್ಲ ಏಕೆ?

ಮೊದಲನೆಯದಾಗಿ, ಏನೂ ಆಗಲಿಲ್ಲ ಎಂಬುದೇ ಸುಳ್ಳು. ಅವರಿಗೆ ಭೇದಿ ಆಯಿತು, ಮಲದಲ್ಲಿ ಕಾಲರಾ ರೋಗಾಣುಗಳೂ ಸಿಕ್ಕವು. ಹತ್ತು ದಿನ ಬಿಟ್ಟು ಅದೇ ಪ್ರಯೋಗವನ್ನು ತಮ್ಮ ಮೇಲೆ ಮಾಡಿಕೊಂಡ ಶಿಷ್ಯ ರುಡಾಲ್ಫ್ ಎಮರಿಖ್ ಇನ್ನೂ ಹೆಚ್ಚು ಬಳಲಿದರು. ಇಬ್ಬರೂ ತಮಗೆ ಬಂದದ್ದು ಕಾಲರಾ ಅಲ್ಲ ಎಂದುಕೊಂಡರು. ಇಂದಿನ ವೈದ್ಯರು ಅದನ್ನು ಸೌಮ್ಯ ಕಾಲರಾ ಎಂದೇ ಬರೆಯುತ್ತಾರೆ.

ಎರಡನೆಯದಾಗಿ, ಕಾಲರಾ ರೋಗಾಣು ದೇಹ ಸೇರಿದ ಹೆಚ್ಚಿನವರಿಗೆ ಲಕ್ಷಣಗಳೇ ಕಾಣುವುದಿಲ್ಲ, ಅಥವಾ ಸಣ್ಣ ಭೇದಿಯಲ್ಲಿ ಮುಗಿಯುತ್ತದೆ. ಕೆಲವರಿಗೆ ಮಾತ್ರ ಉಲ್ಬಣಿಸಿ, ಚಿಕಿತ್ಸೆ ಸಿಗದಿದ್ದರೆ ಗಂಟೆಗಳಲ್ಲಿ ಪ್ರಾಣ ತೆಗೆಯುತ್ತದೆ. ಯಾರಿಗೆ ಹೇಗೆ ಎಂಬುದು ಒಳಹೋದ ರೋಗಾಣುಗಳ ಪ್ರಮಾಣ, ಆ ತಳಿಯ ತೀವ್ರತೆ, ಹೊಟ್ಟೆಯ ಆಮ್ಲ, ಪೌಷ್ಟಿಕತೆ ಮತ್ತು ಹಿಂದಿನ ಸೋಂಕಿನಿಂದ ಬಂದ ರೋಗನಿರೋಧಕ ಶಕ್ತಿಯನ್ನು ಅವಲಂಬಿಸಿದೆ. 1854ರಲ್ಲಿ ಪೆಟೆನ್‌ಕೋಫರ್ ಒಮ್ಮೆ ಕಾಲರಾ ಅನುಭವಿಸಿದ್ದರು ಎಂಬುದನ್ನು ಈಗ ನೆನಪಿಸಿಕೊಳ್ಳಿ. ಅಷ್ಟು ವರ್ಷಗಳ ನಂತರ ಅದರಿಂದ ಎಷ್ಟು ಸಹಾಯವಾಯಿತು ಎಂದು ಅಳೆಯಲಾಗದು. ಪ್ರಯೋಗಾಲಯದಲ್ಲಿ ಬೆಳೆಸುತ್ತ ಬೆಳೆಸುತ್ತ ರೋಗಾಣುಗಳ ಕಸುವು ಕುಗ್ಗಿರುವ ಸಾಧ್ಯತೆಯೂ ಇದೆ.

ಮೂರನೆಯದಾಗಿ, ಇಬ್ಬರ ಮೇಲಿನ ಪ್ರಯೋಗದಿಂದ ಒಂದು ರೋಗದ ಬಗ್ಗೆ ತೀರ್ಪು ಕೊಡಲು ಆಗುವುದಿಲ್ಲ. ಜೀವನವಿಡೀ ಸಾವಿರಾರು ಸಾವುಗಳ ಅಂಕಿ ಹಿಡಿದು ವಾದಿಸಿದ ಮನುಷ್ಯ, ಕೊನೆಗೆ ಒಂದು ಲೋಟವನ್ನು ಪುರಾವೆ ಎಂದು ನಂಬಿದ್ದು ದುರಂತ.

ಕೊನೆಯ ವರ್ಷಗಳು

ಲೋಟದ ಪ್ರಯೋಗದಿಂದ ಅವರ ಮಾನ ಹೋಗಲಿಲ್ಲ. 1890ರಿಂದ 1899ರವರೆಗೆ ಬವೇರಿಯಾದ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾಗಿದ್ದರು. 1894ರಲ್ಲಿ ಪ್ರಾಧ್ಯಾಪಕ ಹುದ್ದೆಯಿಂದ ನಿವೃತ್ತರಾದರು. ಆದರೆ ಮನೆ ಖಾಲಿಯಾಗಿತ್ತು. ಪತ್ನಿ ಹೆಲೀನಾ 1890ರಲ್ಲೇ ತೀರಿಕೊಂಡಿದ್ದರು, ಮಕ್ಕಳಲ್ಲೂ ಕೆಲವರನ್ನು ಕಳೆದುಕೊಂಡಿದ್ದರು. ವಯಸ್ಸು, ಕಾಯಿಲೆ, ಬುದ್ಧಿ ಮಂಕಾಗುತ್ತಿದೆ ಎಂಬ ಭಯ, ಖಿನ್ನತೆ ಎಲ್ಲ ಸೇರಿದ್ದವು. 1901ರ ಫೆಬ್ರವರಿ 10ರಂದು, 82ನೇ ವಯಸ್ಸಿನಲ್ಲಿ, ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ಕಾಖ್ ಎದುರು ಸೋತ ಅವಮಾನಕ್ಕೆ ಹೀಗೆ ಮಾಡಿಕೊಂಡರು ಎಂದು ಕಥೆ ಕಟ್ಟುವವರಿದ್ದಾರೆ. ಒಂದು ಬದುಕಿನ ಕೊನೆಗೆ ಅಂಥ ಒಂಟಿ ಕಾರಣ ಅಂಟಿಸುವುದೂ ಒಂದು ಮಿಥ್ಯೆಯೇ.

ನಮ್ಮ ಬಾವಿ, ನಮ್ಮ ಬಂಡೆ

ಹಾಗಿದ್ದರೆ ಪೆಟೆನ್‌ಕೋಫರ್ ಕಂಡ ಅಂತರ್ಜಲದ ನಂಟು ಬರೀ ಭ್ರಮೆಯೇ? ಪೂರ್ತಿ ಅಲ್ಲ. ಬಾವಿಯ ನೀರು ಇಳಿದಾಗ ಟೈಫಾಯ್ಡ್ ಏರಿದ್ದು ನಿಜವಾದ ಅಂಕಿ. ಅದಕ್ಕೆ ಇನ್ನೊಂದು ವಿವರಣೆ ಸಾಧ್ಯ: ನೀರು ಕಡಿಮೆಯಾದಾಗ ಗುಂಡಿಯಿಂದ ಸೋರಿ ಬಂದ ಕೊಳೆ ತೆಳುವಾಗುವುದು ಕಡಿಮೆ, ಸುತ್ತಲಿನ ಮಲಿನ ನೀರನ್ನು ಬಾವಿ ಎಳೆದುಕೊಳ್ಳುವುದು ಹೆಚ್ಚು. ಅಂದರೆ ವಿಷ ಮಣ್ಣಿನಿಂದ ಗಾಳಿಗೆ ಏರುತ್ತಿರಲಿಲ್ಲ, ಮಣ್ಣಿನ ಮೂಲಕ ಬಾವಿಗೆ ಇಳಿಯುತ್ತಿತ್ತು. ಎರಡು ಸಂಗತಿಗಳು ಜೊತೆಜೊತೆಗೆ ಏರಿಳಿದವು ಎಂದಾಕ್ಷಣ ಅವುಗಳ ನಡುವಿನ ದಾರಿ ನಾವು ಊಹಿಸಿದ್ದೇ ಆಗಿರಬೇಕಿಲ್ಲ.

ಬಂಡೆಯ ವಿಷಯದಲ್ಲಂತೂ ಅವರ ನಂಬಿಕೆ ಬಹುಮಟ್ಟಿಗೆ ತಲೆಕೆಳಗು. ಮರಳು ಮತ್ತು ನಯವಾದ ಮಣ್ಣಿನ ಪದರ ರೋಗಾಣುಗಳನ್ನು ಸಾಕಷ್ಟು ತಡೆಯುತ್ತದೆ. ಬಿರುಕು ಬಿಟ್ಟ ಗ್ರಾನೈಟ್ ತಡೆಯುವುದಿಲ್ಲ. ಬಿರುಕಿನಲ್ಲಿ ಕೊಳೆ ನೀರು ಸೋಸಲ್ಪಡದೆ ಬೇಗ ದೂರ ಸಾಗುತ್ತದೆ. ಕರ್ನಾಟಕದ ಬಹುಭಾಗ ನಿಂತಿರುವುದು ಇಂಥ ಗಟ್ಟಿ ಶಿಲೆಯ ಮೇಲೆಯೇ. ನಮ್ಮ ಬೋರ್‌ವೆಲ್‌ಗಳು ನೀರು ಹೀರುವುದು ಇಂಥ ಬಿರುಕುಗಳಿಂದಲೇ.

ಆದ್ದರಿಂದ ಬೋರ್‌ವೆಲ್ ಆಳವಾಗಿದೆ, ನೀರು ತಣ್ಣಗೆ ತಿಳಿಯಾಗಿದೆ, ಭೂಮಿಯೇ ಸೋಸಿ ಕೊಟ್ಟಿದೆ, ಶುದ್ಧ ಎಂಬ ಮಾತನ್ನು ಹಾಗೇ ನಂಬಬೇಡಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮುಂತಾದ ಜಿಲ್ಲೆಗಳ ಹಲವು ಕಡೆ ಬಂಡೆಯಿಂದಲೇ ಕರಗಿದ ಫ್ಲೋರೈಡ್ ನೀರಿನಲ್ಲಿದೆ. ಮಲದ ಗುಂಡಿ ಮತ್ತು ರಸಗೊಬ್ಬರದಿಂದ ನೈಟ್ರೇಟ್ ಸೇರುತ್ತದೆ. ಎರಡಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಕಾಲರಾ, ಟೈಫಾಯ್ಡ್ ರೋಗಾಣುಗಳು ಸಾಯುತ್ತವೆ, ಆದರೆ ನೈಟ್ರೇಟ್ ಮತ್ತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅವು ಸ್ವಲ್ಪ ಹೆಚ್ಚೇ ಆಗುತ್ತವೆ. ನಮ್ಮ ದೇಶದ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು, ಫ್ಲೋರೈಡ್ ಹೆಚ್ಚೆಂದರೆ 1.5 ಮಿಲಿಗ್ರಾಂ. ಇದನ್ನು ತಿಳಿಯಲು ಪರೀಕ್ಷೆ ಮಾಡಿಸುವುದೊಂದೇ ದಾರಿ.

ಮ್ಯೂನಿಕ್‌ನ ಕಥೆ ಇಲ್ಲಿಗೂ ಒಂದು ತುದಿ ಚಾಚುತ್ತದೆ. ಇಂದಿಗೂ ಆ ನಗರದ ಬಹುಪಾಲು ನೀರು ಬರುವುದು ಮಾಂಗ್‌ಫಾಲ್ ಕಣಿವೆಯಿಂದ. ನೈಟ್ರೇಟ್ ಏರದಂತೆ ನೋಡಿಕೊಳ್ಳಲು, ಆ ಕಣಿವೆಯ ರೈತರು ರಾಸಾಯನಿಕ ಗೊಬ್ಬರ ಬಿಟ್ಟು ಸಾವಯವ ಕೃಷಿ ಮಾಡುವುದಕ್ಕೆ ನಗರದ ನೀರು ಸಂಸ್ಥೆ 1990ರ ದಶಕದಿಂದ ಹಣ ಕೊಡುತ್ತಿದೆ. ಕೊಳೆಯಾದ ನೀರನ್ನು ಶುದ್ಧ ಮಾಡುವುದಕ್ಕಿಂತ ಮಣ್ಣು ಕೊಳೆಯಾಗದಂತೆ ನೋಡಿಕೊಳ್ಳುವುದು ಅಗ್ಗ ಎಂಬ ಲೆಕ್ಕ ಅದು. 1873ರ ಉಪನ್ಯಾಸದಲ್ಲಿ ಕುಳಿತಿದ್ದವರಿಗೆ ಆ ಲೆಕ್ಕದ ದಾಟಿ ಪರಿಚಿತ ಅನ್ನಿಸುತ್ತಿತ್ತು.

ಇನ್ನೊಮ್ಮೆ ಯಾರಾದರೂ ಕಾಲರಾ ಕುಡಿದ ವಿಜ್ಞಾನಿಯ ಕಥೆ ಕಳಿಸಿದರೆ, ಅವರಿಗೆ ಆಲ್ಟೋನಾದ ಮರಳಿನ ಕಥೆಯನ್ನೂ ಹೇಳಿ. ಆಮೇಲೆ ನಿಮ್ಮ ಮನೆಯ ಬೋರ್‌ವೆಲ್‌ಗೂ ಹತ್ತಿರದ ಮಲದ ಗುಂಡಿಗೂ ಎಷ್ಟು ದೂರವಿದೆ ಎಂದು ಒಮ್ಮೆ ಅಳೆದು ನೋಡಿ. ಪೆಟೆನ್‌ಕೋಫರ್ ಇದ್ದಿದ್ದರೆ ಮೊದಲು ಮಾಡುತ್ತಿದ್ದುದು ಅದನ್ನೇ.